ಅಮ್ಮನ ಓಟು, ಅಜ್ಜಿಯ ಓಟು

“ದೊಡ್ಡಪ್ಪ, ನೀವು ಆ ಓಟಿನ ಮಿಷನ್ ಪಕ್ಕದಲ್ಲೇ ಮಲಗಿದ್ದೋರು. ನಿಜ ಹೇಳಿ, ಅದರಲ್ಲಿ ಮೋಸ ಮಾಡಬಹುದಾ?”

ಫಲಿತಾಂಶದ ಸಂಜೆ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಬಂದು ಬೀಳುತ್ತದೆ. ಕೇಳುವವನು ನನ್ನ ತಮ್ಮನ ಮಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅವನಿಗೆ ಬೇಕಾದವರು ಗೆದ್ದ ವರ್ಷ ಮಾತ್ರ ಪ್ರಶ್ನೆ ಬರುವುದಿಲ್ಲ.

ಪಕ್ಕದಲ್ಲಿ ಮಲಗಿದ್ದು ನಿಜ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಸರ್ವಿಸಿಗೆ ಸೇರಿದಾಗಿನಿಂದ ಚುನಾವಣಾ ಡ್ಯೂಟಿ ನನ್ನನ್ನು ಬಿಟ್ಟಿಲ್ಲ. ಮೊದಲು ಬೆರಳಿಗೆ ಶಾಯಿ ಹಚ್ಚುವ ಕೆಲಸ, ಆಮೇಲೆ ಎಪಿಆರ್‌ಒ ಅನ್ನುವ ಸಹಾಯಕ ಅಧಿಕಾರಿ, ಕಳೆದ ಮೂರು ಸಲದಿಂದ ಪಿಆರ್‌ಒ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಹೆಸರು ಕೇಳಲು ಗಂಭೀರ. ಮಾಡುವುದು ಮಾತ್ರ ಚುನಾವಣಾ ಸಾಮಗ್ರಿ ಹಂಚುವ ಮಸ್ಟರಿಂಗ್ ಕೇಂದ್ರದ ಶಾಮಿಯಾನಾದಡಿ ಬೆವರುತ್ತಾ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್ಟು, ಗುಂಡಿಗಳಿರುವ ಬ್ಯಾಲೆಟ್ ಯೂನಿಟ್ಟು, ಬಿದ್ದ ಓಟಿನ ಚೀಟಿ ಮುದ್ರಿಸುವ ವಿವಿಪ್ಯಾಟು, ಚೀಲದ ತುಂಬ ಕವರು, ಫಾರಂ, ಅರಗು, ಗುಂಡುಪಿನ್ನು ಎಣಿಸಿಕೊಂಡು, ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿ, ಯಾವುದೋ ಊರಿನ ಶಾಲೆಯ ನಾಲ್ಕು ಬೆಂಚು ಜೋಡಿಸಿ ಅವುಗಳ ಪಕ್ಕ ಮಲಗುವುದು. ಬಿಸಿಯೂಟದ ಅಮ್ಮಂದಿರು ಕರುಣೆ ತೋರಿದರೆ ರಾತ್ರಿ ಬಿಸಿ ಅನ್ನ ಸಾರು. ಇಲ್ಲದಿದ್ದರೆ ಬಾಳೆಹಣ್ಣು, ಬನ್ನು.

ಮಿಷನ್ ಬಗ್ಗೆ ನನಗೆ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹುಡುಗ ಬಿಡುವುದಿಲ್ಲ.

ಮತದಾನ ಬೆಳಿಗ್ಗೆ ಏಳಕ್ಕಾದರೆ ನಮ್ಮ ಕೆಲಸ ಐದೂವರೆಗೇ ಶುರು. ಅದಕ್ಕೆ ಅಣಕು ಮತದಾನ ಅಂತ ಹೆಸರು, ನಾವೆಲ್ಲ ಮಾಕ್ ಪೋಲ್ ಅಂತಲೇ ಅನ್ನುವುದು. ಪಕ್ಷಗಳ ಏಜೆಂಟರ ಎದುರಿಗೆ ಕನಿಷ್ಠ 50 ಓಟು ಒತ್ತಬೇಕು, ನೋಟಾ ಸೇರಿ ಎಲ್ಲ ಗುಂಡಿಗೂ. ಯಾರು ಯಾವ ಗುಂಡಿ ಒತ್ತಿದರು ಅಂತ ಒಬ್ಬರು ಬರೆದುಕೊಳ್ಳಬೇಕು. ಆಮೇಲೆ ಕ್ಲೋಸ್, ರಿಸಲ್ಟ್. ವಿವಿಪ್ಯಾಟಿನಲ್ಲಿ ಬಿದ್ದ ಚೀಟಿಗಳನ್ನು ಎಣಿಸಿ ಮಿಷನ್ ತೋರಿಸಿದ ಲೆಕ್ಕಕ್ಕೆ ತಾಳೆ ನೋಡಬೇಕು. ತಾಳೆಯಾದ ಮೇಲೆ ಕ್ಲಿಯರ್ ಒತ್ತಿ, ಸೊನ್ನೆ ತೋರಿಸಿ, ಆ ಚೀಟಿಗಳ ಹಿಂದೆ ಮಾಕ್ ಪೋಲ್ ಅಂತ ಸ್ಟಾಂಪು ಹೊಡೆದು ಕಪ್ಪು ಕವರಿಗೆ ಹಾಕಿ ಅರಗು ಮಾಡಬೇಕು. ಮಿಷನ್ನಿಗೆ ಹಸಿರು ಪೇಪರ್ ಸೀಲು ಹಾಕುವಾಗ ಅದರ ಮೇಲೆ ಏಜೆಂಟರೂ ಸಹಿ ಮಾಡಬಹುದು. ಇಷ್ಟೂ ವರ್ಷದಲ್ಲಿ ನನ್ನ ಬೂತಿನಲ್ಲಿ ಚೀಟಿಯ ಲೆಕ್ಕಕ್ಕೂ ಮಿಷನ್ ಲೆಕ್ಕಕ್ಕೂ ಒಂದು ಓಟಿನ ವ್ಯತ್ಯಾಸ ಕಂಡಿಲ್ಲ. ಇದು ನನ್ನ ಬೂತಿನ ಮಾತು, ದೇಶದ ಮಾತಲ್ಲ.

ಹಾಗಂತ ಅನುಮಾನ ಪಡುವವರೆಲ್ಲ ತಲೆಕೆಟ್ಟವರು ಅಂತಲೂ ನಾನು ಹೇಳುವವನಲ್ಲ. ವಿವಿಪ್ಯಾಟಿಗೆ ಅಭ್ಯರ್ಥಿಗಳ ಹೆಸರು, ಚಿಹ್ನೆ ತುಂಬುವ ಕೆಲಸ ನಮ್ಮ ಕೈಗೆ ಬರುವುದಕ್ಕೆ ಎಷ್ಟೋ ದಿನ ಮೊದಲೇ ಮುಗಿದಿರುತ್ತದೆ, ಅದನ್ನು ನಾವು ಕಂಡಿಲ್ಲ. ಎಣಿಕೆಯ ದಿನ ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದೇ ಮತಗಟ್ಟೆಯ ಚೀಟಿ ಎಣಿಸುತ್ತಾರೆ, ಅದೂ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಒಂದಿದ್ದದ್ದು ಐದಾಗಿದ್ದು. ಎಲ್ಲ ಚೀಟಿಯನ್ನೂ ಎಣಿಸಿ ಅಂತ ಹಾಕಿದ್ದ ಅರ್ಜಿಗಳನ್ನು ಅದೇ ಕೋರ್ಟು 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ಆದರೆ ಚಿಹ್ನೆ ತುಂಬುವ ಯೂನಿಟ್ಟನ್ನು ಫಲಿತಾಂಶದ ನಂತರ 45 ದಿನ ಸೀಲ್ ಮಾಡಿ ಇಡಬೇಕು, ಎರಡನೇ, ಮೂರನೇ ಸ್ಥಾನದವರು ದುಡ್ಡು ಕಟ್ಟಿ ಕೇಳಿದರೆ ಶೇ. 5ರಷ್ಟು ಮಿಷನ್‌ಗಳ ಮೆಮೊರಿ ಪರೀಕ್ಷೆ ಮಾಡಿಸಬೇಕು ಅಂತಲೂ ಹೇಳಿತು. ಆ ದಿನವೇ ನಮ್ಮ ಕಡೆ ಲೋಕಸಭೆಗೆ ಮತದಾನ. ತೀರ್ಪು ಬಂದಾಗ ನಾನು ಮಿಷನ್ ಮುಂದೆಯೇ ಕೂತಿದ್ದೆ. ಫೋನ್ ಸ್ವಿಚ್ ಆಫ್. ಗೊತ್ತಾಗಿದ್ದು ಮಧ್ಯರಾತ್ರಿ, ವಾಪಸ್ ಬರುವ ಬಸ್ಸಿನಲ್ಲಿ.

ಕಾಗದದ ಮತಪತ್ರವೇ ವಾಸಿ ಅನ್ನುವವರಿಗೂ ಒಂದು ಮಾತು. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರ ಬಳಸಬೇಕೆಂದು ಶಿಫಾರಸು ಮಾಡಿದಾಗ ಸ್ಟಾಫ್ ರೂಮಿನಲ್ಲಿ ಜೋರು ಚರ್ಚೆ. ಗ್ರಾಮ ಪಂಚಾಯಿತಿಗೆ ಈಗಲೂ ಬಹುತೇಕ ಕಡೆ ಮತಪತ್ರವೇ ತಾನೆ? ಅದರ ಎಣಿಕೆಯ ಮೇಜಿನಲ್ಲಿ ಕೂತವನು ನಾನು. ಆಟೋ ಚಿಹ್ನೆಗೂ ತೆಂಗಿನಮರದ ಚಿಹ್ನೆಗೂ ನಡುವಿನ ಗೆರೆ ಮೇಲೆ ಮುದ್ರೆ ಬಿದ್ದಿರುತ್ತದೆ. ಅಭ್ಯರ್ಥಿಯ ಭಾವಮೈದ ಅದನ್ನು ಬೆಳಕಿಗೆ ಹಿಡಿದು “ನೋಡಿ ಸಾ, ಮುಕ್ಕಾಲು ಭಾಗ ನಮ್ ಕಡೇಗೇ ಐತೆ” ಅನ್ನುತ್ತಾನೆ. ಎರಡು ಓಟಿನಲ್ಲಿ ಸೋಲು ಗೆಲುವು ಆಗುವ ಕಡೆ ಆ ಮುಕ್ಕಾಲು ಭಾಗಕ್ಕೆ ತಲೆ ಒಡೆದುಕೊಂಡವರಿದ್ದಾರೆ. ಕಾಗದಕ್ಕೆ ಮೋಸ ಗೊತ್ತಿಲ್ಲ ಅನ್ನುವುದು ಕಾಗದ ಎಣಿಸದವರ ಮಾತು.

ನನ್ನ ಸಿಟ್ಟು ಇರುವುದು ಬೇರೆ ಕಡೆ. 2023ರ ಮೇ 10ರಂದು, ವಿಧಾನಸಭೆ ಚುನಾವಣೆಯ ದಿನ, ಬೆಳಿಗ್ಗೆ ಮಾಕ್ ಪೋಲಿಗೆ ನನ್ನ ಬೂತಿಗೆ ಬಂದ ಏಜೆಂಟರು ಇಬ್ಬರು. ಒಬ್ಬ ಗೋಡೆಗೆ ಒರಗಿ ತೂಕಡಿಸುತ್ತಿದ್ದ. ಸಂಜೆ ಆರು ಗಂಟೆಗೆ ಮತದಾನ ಮುಗಿಸಿ 17ಸಿ ಫಾರಂ ತುಂಬಿದೆ. ಈ ಬೂತಿನಲ್ಲಿ ಒಟ್ಟು ಇಷ್ಟು ಓಟು ಬಿದ್ದಿದೆ, ಈ ಮಿಷನ್ ನಂಬರು, ಈ ಸೀಲ್ ನಂಬರು ಅಂತ ನಾನು ಸಹಿ ಮಾಡಿ ಕೊಡುವ ಕಾಗದ ಅದು. ಎಣಿಕೆಯ ದಿನ ಮಿಷನ್ ತೋರಿಸುವ ಒಟ್ಟು ಸಂಖ್ಯೆ ಈ ಕಾಗದಕ್ಕೆ ತಾಳೆಯಾಗಬೇಕು. ಮಿಷನ್ ಬದಲಾಯಿಸಿದರು, ಓಟು ತುಂಬಿದರು ಅನ್ನುವವರಿಗೆ ಇದಕ್ಕಿಂತ ದೊಡ್ಡ ಆಯುಧ ಇಲ್ಲ. ಅದನ್ನು ಕೊಡೋಣವೆಂದರೆ ಒಬ್ಬನೂ ಇಲ್ಲ. ನಮ್ಮ ಪೊಲೀಸ್ ಪೇದೆ ಹೋಗಿ, ಟೀ ಅಂಗಡಿ ಹತ್ತಿರ ಇದ್ದ ಒಬ್ಬನನ್ನು ಕರೆದುಕೊಂಡು ಬಂದರು. ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ತುರುಕಿದ. ಅದೇ ಜೇಬಿನಲ್ಲಿ ಬೀಡಿ ಕಟ್ಟು. ಮೂರು ದಿನ ಬಿಟ್ಟು ಅದು ಎಣಿಕೆ ಹಾಲ್ ತಲುಪಿತೋ, ಬೀಡಿಯ ಜೊತೆ ಹೋಯಿತೋ. ಚುನಾವಣಾ ಆಯೋಗವೇ ಎಲ್ಲ ಬೂತಿನ 17ಸಿಯನ್ನೂ ಜನ ನೋಡುವಂತೆ ಹಾಕಲಿ ಅಂತ 2024ರಲ್ಲಿ ಕೋರ್ಟಿಗೆ ಹೋದರು, ಆಯೋಗ ಒಪ್ಪಲಿಲ್ಲ. ಯಾಕೆ ಒಪ್ಪಬಾರದೋ ನನಗಂತೂ ಅರ್ಥವಾಗಿಲ್ಲ. ನಾನು ಸಹಿ ಹಾಕಿದ್ದನ್ನು ಊರೆಲ್ಲ ನೋಡಲಿ, ನನಗೇನು ನಾಚಿಕೆ?

ಈಗ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅದೇ ದಿನ, ಅದೇ ಬೂತು.

ಮಧ್ಯಾಹ್ನ ಎರಡೂವರೆ ಇರಬಹುದು. ಬಿಸಿಲು ಜೋರು, ಸಾಲಿನಲ್ಲಿ ನಾಲ್ಕೈದು ಜನ ಅಷ್ಟೇ. ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ಚೀಟಿ, ವೋಟರ್ ಕಾರ್ಡು ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿಗೆ ಗಂಟು ಹಾಕಿಕೊಂಡು ಬಂದಿದ್ದರು. ಮೊದಲನೇ ಅಧಿಕಾರಿ ಪಟ್ಟಿಯಲ್ಲಿ ನಂಬರು ಹುಡುಕಿ ತಲೆ ಎತ್ತಿ ನನ್ನ ಕಡೆ ನೋಡಿದರು. ಆ ನೋಟದಲ್ಲೇ ಗೊತ್ತಾಯಿತು. ಅಜ್ಜಿಯ ಹೆಸರಿನ ಮೇಲೆ ಆಗಲೇ ಕೆಂಪು ಶಾಯಿಯ ಓರೆಗೆರೆ ಬಿದ್ದಿತ್ತು.

“ಅಜ್ಜಿ, ನಿಮ್ಮ ಓಟು ಆಗಿದೆ ಅಂತ ತೋರಿಸ್ತಿದೆ.”

“ಆಗೈತಾ? ನಾನು ಈಗ್ ಬತ್ತಾ ಇವ್ನಿ. ಯಾರ್ ಹಾಕಿದ್ರು?” ಅಂದವರೇ ಎಡಗೈ ತೋರುಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು. “ನೋಡು ಸಾಮಿ, ಮಸಿ ಐತಾ?”

ಮಸಿ ಇರಲಿಲ್ಲ. ಅದು ಮೈಸೂರಿನ ಮಸಿ. 1962ರಿಂದ ದೇಶಕ್ಕೆಲ್ಲ ಮೈಸೂರು ಪೇಂಟ್ಸ್ ಕಾರ್ಖಾನೆಯದೇ. ಸಿಲ್ವರ್ ನೈಟ್ರೇಟ್ ಇರುವುದರಿಂದ ಚರ್ಮಕ್ಕೆ ಹಿಡಿದರೆ ಸೋಪಿಗೆ ಬಗ್ಗುವುದಿಲ್ಲ. ಆ ಬೆರಳಿನಲ್ಲಿ ಇದ್ದದ್ದು ಸೊಪ್ಪು ಬಿಡಿಸಿದ ಹಸಿರು ಕಲೆ ಮಾತ್ರ.

ರಿಜಿಸ್ಟರು ತೆಗೆಸಿದೆ. 17ಎ ಅಂತ ಅದಕ್ಕೆ. ಅಜ್ಜಿಯ ಪಟ್ಟಿ ನಂಬರಿನ ಎದುರು ಬೆಳಿಗ್ಗೆಯ ಹೊತ್ತಿನಲ್ಲೇ ಒಂದು ಸಹಿ. ದುಂಡು ದುಂಡಾದ, ಕಾಪಿ ಬರೆದ ಕೈಯ ಸಹಿ. ಅಜ್ಜಿಗೆ ಓದು ಬರಹ ಬಾರದು, ಹೆಬ್ಬೆಟ್ಟು.

ಇಲ್ಲಿ ನಿಂತು ಒಂದು ಮಾತು ಹೇಳಬೇಕು, ಯಾಕೆಂದರೆ ಈ ಕಥೆಯನ್ನು ನಾನು ಎಲ್ಲಿ ಹೇಳಿದರೂ ಜನ “ಕಳ್ಳಓಟು” ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಆ ಅಜ್ಜಿಯ ಹೆಸರು ನಮ್ಮ ಕಡೆ ಬೀದಿಗೊಬ್ಬರಿಗೆ ಇರುವಂಥದ್ದು. ಆ ಪಟ್ಟಿಯಲ್ಲೇ ಅದೇ ಹೆಸರಿನವರು ಒಂಬತ್ತು ಮಂದಿ ಇದ್ದರು. ಅದರಲ್ಲಿ ಇಬ್ಬರಿಗೆ ಗಂಡನ ಹೆಸರೂ ಒಂದೇ. ಬೆಳಿಗ್ಗೆಯ ನೂಕುನುಗ್ಗಲಿನಲ್ಲಿ ನಮ್ಮವರೇ ಒಬ್ಬರ ಗೆರೆಯನ್ನು ಇನ್ನೊಬ್ಬರಿಗೆ ಎಳೆದಿರಬಹುದು. ಹಾಗಾಗಿದ್ದರೆ ಆ ಇನ್ನೊಬ್ಬರ ಹೆಸರು ಸಂಜೆವರೆಗೂ ಗೆರೆಯಿಲ್ಲದೆ ಉಳಿಯಬೇಕು. ಸಂಜೆ ನೋಡಿದೆ. ಉಳಿದಿತ್ತು. ಆದರೆ ಆಕೆ ಊರಲ್ಲೇ ಇಲ್ಲ, ಮಗಳ ಮನೆಗೆ ಹೋಗಿದ್ದಾರೆ ಅಂತ ಏಜೆಂಟು ಬೆಳಿಗ್ಗೆ ಹೇಳಿದ್ದು ನೆನಪಾಯಿತು. ಹಾಗಾದರೆ ಆ ದುಂಡು ಸಹಿ ಯಾರದು? ಮೂರನೆಯವರದ್ದಾ, ಅಥವಾ ಏಜೆಂಟಿನ ಮಾಹಿತಿಯೇ ತಪ್ಪಾ? ಗೊತ್ತಿಲ್ಲ. ಗಣಿತದ ಮೇಷ್ಟ್ರಿಗೆ ಇಂಥ ಉತ್ತರ ಬರೆಯುವುದು ಹಿಂಸೆ. ಮೋಸವೋ, ನಮ್ಮದೇ ಕಣ್ತಪ್ಪೋ, ಎರಡರಲ್ಲೂ ಅಜ್ಜಿಗಾದ ನಷ್ಟ ಒಂದೇ. ಬೂತು ನನ್ನದು.

ಕಾಯಿದೆಯಲ್ಲಿ ಇದಕ್ಕೊಂದು ದಾರಿ ಇದೆ. ಟೆಂಡರ್ ವೋಟು, ನಿಯಮ 49ಪಿ. ಕಾರ್ಡು ನೋಡಿ, ನಾಲ್ಕು ಪ್ರಶ್ನೆ ಕೇಳಿ, ಇವರೇ ಹೌದು ಅಂತ ಖಾತ್ರಿಯಾದರೆ ಕಾಗದದ ಮತಪತ್ರ ಕೊಡಬೇಕು. ಹಿಂದುಗಡೆ ಟೆಂಡರ್ಡ್ ಅಂತ ಬರೆದು, 17ಬಿ ಫಾರಂನಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡು, ಬಾಣದ ಗುರುತಿನ ರಬ್ಬರ್ ಮುದ್ರೆ ಕೊಟ್ಟು ಮರೆಗೆ ಕಳಿಸಿದೆ. ಅಜ್ಜಿ ಬಹಳ ಹೊತ್ತು ತೆಗೆದುಕೊಂಡರು. ಹೊರಗೆ ಬಂದಾಗ ಮುಖ ಅರಳಿತ್ತು. “ಇದೇ ವಾಸಿ ಸಾಮಿ. ಮೊದ್ಲೆಲ್ಲ ಹಿಂಗೇ ಗುದ್ತಿದ್ವಿ.” ಮಡಿಚಿದ ಕಾಗದವನ್ನು ನನ್ನ ಕೈಗಿಟ್ಟು, ಡಬ್ಬ ಎಲ್ಲಿ ಅಂತ ಸುತ್ತ ನೋಡಿದರು. ಡಬ್ಬ ಇಲ್ಲ. ಕವರು. ಕವರಿಗೆ ಹಾಕಿದೆ.

“ಇದ್ನೂ ಎಣಿಸ್ತಾರಾ?”

ಎಣಿಸುವುದಿಲ್ಲ. ಎಣಿಕೆಯ ದಿನ ಆ ಕವರನ್ನು ಒಡೆಯುವುದೇ ಇಲ್ಲ. ಯಾರಾದರೂ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಿ, ಅಂತರ ತೀರಾ ಕಡಿಮೆ ಇದ್ದು, ಕೋರ್ಟು ತರಿಸಿ ನೋಡಿದರೆ ಆಗ ಅದಕ್ಕೆ ಬೆಲೆ. ಒಂದು ಬೂತಿನಲ್ಲಿ ಶೇ. 14 ಟೆಂಡರ್ ವೋಟು ಬಿದ್ದರೆ ಮರುಮತದಾನ ಅಂತ ಪ್ರತಿ ಚುನಾವಣೆಗೂ ಫಾರ್ವರ್ಡ್ ಬರುತ್ತದಲ್ಲ, ಅಂಥ ನಿಯಮವೇ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ “ಚಾಲೆಂಜ್ ವೋಟ್” ಕೇಳಿ ಅನ್ನುವುದೂ ಸುಳ್ಳು. ಚಾಲೆಂಜ್ ಅನ್ನುವುದು ಬಂದವರು ಇವರಲ್ಲ ಅಂತ ಏಜೆಂಟು ಎರಡು ರೂಪಾಯಿ ಕಟ್ಟಿ ತೆಗೆಯುವ ತಕರಾರು. ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಆ ದಿನ ಬ್ರಹ್ಮ ಬಂದರೂ ಓಟಿಲ್ಲ.

ಇದನ್ನೆಲ್ಲ ಅಜ್ಜಿಗೆ ಹೇಳಬಹುದಿತ್ತು. ನಾನು ಹೇಳಿದ್ದು ಇಷ್ಟು: “ಭದ್ರವಾಗಿರುತ್ತೆ ಅಜ್ಜಿ.” ಭದ್ರವಾಗಿರುತ್ತದೆ ಅನ್ನುವುದು ಸುಳ್ಳಲ್ಲ. ಬೆರಳಿಗೆ ಶಾಯಿ ಹಾಕಿಸಿಕೊಂಡು, ಅದನ್ನು ಊದಿಕೊಳ್ಳುತ್ತಾ ಹೋದರು.

ರಾತ್ರಿ ಸಾಮಗ್ರಿ ವಾಪಸ್ ಕೊಡುವ ಡಿಮಸ್ಟರಿಂಗ್ ಕೌಂಟರಿನಲ್ಲಿ ಕವರು ತೆಗೆದುಕೊಳ್ಳುತ್ತಿದ್ದ ಹುಡುಗ ಒಂದೊಂದಕ್ಕೂ ಟಿಕ್ ಹಾಕುತ್ತಾ ಬಂದವನು ಅಲ್ಲಿ ನಿಂತ. “ಟೆಂಡರ್ ಒಂದು ಅಂತ ಬರೆದಿದ್ದೀರಲ್ಲ ಸಾರ್. ಎಲ್ಲಾರ್ದೂ ನಿಲ್ ಇದೆ.” ಅವನ ಧ್ವನಿಯಲ್ಲಿ ಬೈಗುಳವಿರಲಿಲ್ಲ, ಪಾಪ, ಅವನಿಗೂ ನಿದ್ದೆ ಬೇಕಿತ್ತು. ಎಲ್ಲರದ್ದೂ ನಿಲ್ ಅಂದರೆ ಎಲ್ಲ ಬೂತೂ ಶುದ್ಧ ಅಂತಲೋ, ಅಂಥ ಅಜ್ಜಿಯರನ್ನು “ಆಗೋಗಿದೆ, ಹೋಗಿ” ಅಂತ ಬಾಗಿಲಿಂದಲೇ ಕಳಿಸಿದ್ದರು ಅಂತಲೋ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ.

ಅವತ್ತಿನಿಂದ ನನಗೆ ಮಿಷನ್ನಿಗಿಂತ ಪಟ್ಟಿಯ ಮೇಲೆ ಕಣ್ಣು. ಅದೇ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಏನಾಗಿತ್ತು ಅಂತ ಆಮೇಲೆ ಸುದ್ದಿಯಾಯಿತು. ಹೆಸರು ತೆಗೆಯಿರಿ ಅಂತ ಆನ್‌ಲೈನಿನಲ್ಲಿ ಬಂದಿದ್ದ ಅರ್ಜಿ 6,018. ಪರಿಶೀಲಿಸಿದಾಗ ಸರಿಯಿದ್ದದ್ದು 24. ಉಳಿದ 5,994ಕ್ಕೆ ಸಂಬಂಧಪಟ್ಟವರು ಅಲ್ಲೇ ಊರಲ್ಲಿ ಬದುಕಿ ಬಾಳುತ್ತಿದ್ದರು. ಅವರ ಅಕ್ಕಪಕ್ಕದವರ ಹೆಸರಿನಲ್ಲಿ, ಅವರಿಗೇ ತಿಳಿಯದಂತೆ, ಯಾರೋ ಅರ್ಜಿ ಹಾಕಿದ್ದರು. ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಒಬ್ಬ ಬಿಎಲ್‌ಒಗೆ ತನ್ನ ಹತ್ತಿರದ ಸಂಬಂಧಿಕರದೇ ಹೆಸರು ತೆಗೆಯುವ ಅರ್ಜಿ ಬಂದು ಅನುಮಾನ ಹುಟ್ಟಿದ್ದರಿಂದ ಆ ಓಟುಗಳು ಉಳಿದವು. ಪೊಲೀಸ್ ದೂರಾಯಿತು, ಎರಡು ವರ್ಷದ ಮೇಲೆ ಎಸ್‌ಐಟಿ ಅನ್ನುವ ವಿಶೇಷ ತನಿಖಾ ತಂಡವೂ ಆಯಿತು. 2018ರಲ್ಲಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಒಂದು ಫ್ಲಾಟಿನಲ್ಲಿ 9,746 ವೋಟರ್ ಕಾರ್ಡು ಸಿಕ್ಕಿ ಮತದಾನವನ್ನೇ ಮೇ 28ಕ್ಕೆ ಮುಂದೂಡಿದ್ದು ನೆನಪಿದೆಯಲ್ಲ? ಇದಕ್ಕೆ ಯಾವ ಚಿಪ್ಪೂ ಬೇಡ, ಹ್ಯಾಕಿಂಗೂ ಬೇಡ. ಬಿಹಾರದಲ್ಲಿ 2025ರ ಮತದಾರರ ಪಟ್ಟಿ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದಾಗಲೂ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟೇ: ಯಾರನ್ನು ಬಿಟ್ಟಿದ್ದೀರಿ, ಯಾಕೆ ಬಿಟ್ಟಿದ್ದೀರಿ, ಹೆಸರು ಸಮೇತ ಪ್ರಕಟಿಸಿ.

ಇಷ್ಟು ಭಾಷಣ ಮಾಡುವವನ ಮನೆ ಕಥೆ ಕೇಳಿ.

ಆಳಂದದ ಸುದ್ದಿ ಓದಿದ ಭಾನುವಾರ ನಮ್ಮೂರಿನ ಬೂತಿನ ಪಟ್ಟಿಯನ್ನು ಡೌನ್‌ಲೋಡ್ ಮಾಡಿ ಕೂತೆ. ನಮ್ಮ ಮನೆ ನಂಬರಿನಲ್ಲಿ ನಾಲ್ಕು ಹೆಸರು. ನಾನು, ನನ್ನ ಹೆಂಡತಿ, ಬೆಂಗಳೂರಿನ ಆ ಹುಡುಗ, ಮತ್ತು ನನ್ನ ಅಮ್ಮ. ಹತ್ತೊಂಬತ್ತು ತುಂಬಿದ ನನ್ನ ಮಗಳ ಹೆಸರು ಇಲ್ಲ. ಅಮ್ಮ ತೀರಿಕೊಂಡು ಆರು ವರ್ಷ.

ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಅಂಗನವಾಡಿ ಟೀಚರೇ ನಮ್ಮ ಬಿಎಲ್‌ಒ. ಎರಡು ಸಲ ಬಾಗಿಲಲ್ಲಿ ನಿಂತು “ಅಜ್ಜಮ್ಮನ ಹೆಸರು ತೆಗೆಸಬೇಕಲ್ಲ ಮೇಷ್ಟ್ರೇ, ಒಂದು ಫಾರಂ 7 ಬರೆದುಕೊಡಿ” ಅಂದಿದ್ದರು. ನಾಳೆ ಅಂದಿದ್ದೆ. ರೇಷನ್ ಕಾರ್ಡಿನಿಂದ ತೆಗೆಸಿದ್ದೆ, ಬ್ಯಾಂಕಿನಿಂದ ತೆಗೆಸಿದ್ದೆ, ಪಹಣಿ ಬದಲಾಯಿಸಿದ್ದೆ. ಅವೆಲ್ಲ ಯಾರೋ ಕೇಳಿದರು, ಇಲ್ಲದಿದ್ದರೆ ಕೆಲಸ ನಿಲ್ಲುತ್ತಿತ್ತು. ಇದೊಂದು ಮಾತ್ರ ಕೇಳುವವರಿಲ್ಲದೆ ಉಳಿದಿತ್ತು. ಬೇರೆಯವರ ಬೂತಿನಲ್ಲಿ ಗೈರು, ವಲಸೆ, ಮರಣದ ಪಟ್ಟಿ ಮುಂದಿಟ್ಟುಕೊಂಡು ಬಂದವರನ್ನು ಕೆಳಗಿಂದ ಮೇಲೆ ನೋಡುವ ಅಧ್ಯಕ್ಷಾಧಿಕಾರಿ ನಾನು. ನನ್ನ ತಾಯಿಯ ಹೆಸರಿನಲ್ಲಿ ಯಾರು ಬೇಕಾದರೂ ಬಂದು ದುಂಡಗೆ ಸಹಿ ಹಾಕುವಂತೆ ಆರು ವರ್ಷ ಬಾಗಿಲು ತೆರೆದಿಟ್ಟಿದ್ದೆ. ಸತ್ತವರ ಹೆಸರು ಪಟ್ಟಿಯಲ್ಲಿದೆ ಅಂತ ಟಿವಿಯಲ್ಲಿ ಕೂಗುವಾಗ ನನಗೆ ಸಂಚು ಮಾಡುವವರ ಮುಖ ಮೊದಲು ನೆನಪಾಗುವುದಿಲ್ಲ. ನಾಳೆ ಬರೆದುಕೊಡ್ತೀನಿ ಅಂದ ಮಕ್ಕಳ ಮುಖ ನೆನಪಾಗುತ್ತದೆ.

ತಮ್ಮನ ಮಗನಿಗೆ ಫೋನ್ ಮಾಡಿದೆ. ಅವನು ಬೆಂಗಳೂರಿಗೆ ಹೋಗಿ ಎಂಟು ವರ್ಷ. ಅಲ್ಲಿಗೆ ಹೆಸರು ವರ್ಗ ಮಾಡಿಸುವ ಫಾರಂ 8 ಹಾಕಿಲ್ಲ, ಓಟಿನ ದಿನ ಊರಿಗೂ ಬರುವುದಿಲ್ಲ. 2024ರ ಏಪ್ರಿಲ್ 26 ಶುಕ್ರವಾರ ಬಿದ್ದಿತ್ತು, ಶನಿವಾರ ಭಾನುವಾರ ಸೇರಿಸಿ ಮಡಿಕೇರಿಗೆ ಹೋಗಿದ್ದ. ಮಿಷನ್ ಬಗ್ಗೆ ಇಷ್ಟು ಚಿಂತೆ ಮಾಡುವವನು ಅದರ ಗುಂಡಿ ಒತ್ತಿರುವುದು ಜನ್ಮಕ್ಕೆ ಒಂದೇ ಸಲ.

“ನನ್ನ ಒಂದು ಓಟಿಂದ ಏನಾಗುತ್ತೆ ದೊಡ್ಡಪ್ಪ?”

ಸಂತೇಮರಹಳ್ಳಿ ಅಂತ ಗೂಗಲ್ ಮಾಡು ಅಂದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಆ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಷ್ಟು ಹಳೆಯದು ಬೇಡವೆಂದರೆ 2023ರ ಜಯನಗರ, ರಾತ್ರಿಯವರೆಗೂ ಮರುಎಣಿಕೆ, ಕೊನೆಗೆ ಅಂತರ 16. ಅವನಿರುವುದು ಜಯನಗರದಿಂದ ಎರಡು ಕಿಲೋಮೀಟರ್. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ “ಫಾರಂ 8 ಆನ್‌ಲೈನಲ್ಲಿ ಆಗುತ್ತಾ?” ಅಂದ. ಹಾಕಿದನೋ ಇಲ್ಲವೋ ಇನ್ನೂ ತಿಳಿದಿಲ್ಲ.

ನಾನು ಆವತ್ತೇ ಹೊಸ ಹೆಸರು ಸೇರಿಸಲು ಮಗಳದ್ದು ಫಾರಂ 6, ಅಮ್ಮನದು ಫಾರಂ 7 ಬರೆದೆ. ಮಗಳದ್ದು ಬರೆಯಲು ಹತ್ತು ನಿಮಿಷ. ಅಮ್ಮನದರಲ್ಲಿ ಬರೆಯುವುದು ಅದಕ್ಕಿಂತ ಕಡಿಮೆ: ಹೆಸರು, ಕಾರ್ಡಿನ ನಂಬರು, ತೆಗೆಯಲು ಕಾರಣ. ಕಾರಣಕ್ಕೆ ಚೌಕಗಳಿವೆ, ಒಂದಕ್ಕೆ ಗುರುತು ಹಾಕಿದರೆ ಸಾಕು. ಕಾರ್ಡಿನ ನಂಬರಿಗಾಗಿ ಅಮ್ಮನ ಟ್ರಂಕು ತೆಗೆದೆ. ವೋಟರ್ ಕಾರ್ಡು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದನ್ನು ಇನ್ನೊಂದು ಬಟ್ಟೆಯ ಗಂಟಿನಲ್ಲಿ ಕಟ್ಟಿ ಇಟ್ಟಿತ್ತು. ಜೊತೆಗೆ ಹಳೆಯ ಚುನಾವಣೆಗಳ ಮತದಾರರ ಚೀಟಿಗಳು, ನಾಲ್ಕೋ ಐದೋ, ಒಂದರ ಮೇಲೊಂದು ಜೋಡಿಸಿ. ಅವನ್ನು ಯಾಕೆ ಇಟ್ಟುಕೊಂಡಿದ್ದಳೋ.

ಬಿಎಲ್‌ಒ ಬಂದು, ನಿಯಮದ ಪ್ರಕಾರ ಪಕ್ಕದ ಮನೆಯವರನ್ನೂ ವಿಚಾರಿಸಿ, “ಈಗ ಬರೆದ್ರಾ ಮೇಷ್ಟ್ರೇ” ಅಂದು ಹೋದರು. ಮುಂದಿನ ಪಟ್ಟಿ ಬಂದಾಗ ತೆರೆದು ನೋಡಿದೆ. ಸಾರ್ವಜನಿಕ ಪಟ್ಟಿಯಲ್ಲಿ ಯಾರ ಫೋಟೋವೂ ಇರುವುದಿಲ್ಲ, ಫೋಟೋ ಇದೆ ಅನ್ನುವ ಮಾತು ಮಾತ್ರ ಚೌಕದಲ್ಲಿರುತ್ತದೆ. ನಮ್ಮ ಮನೆ ನಂಬರಿನಲ್ಲಿ ಮಗಳ ಹೆಸರು ಹೊಸದಾಗಿ ಸೇರಿತ್ತು. ಅಮ್ಮನದನ್ನು ಹುಡುಕಿದೆ, ಸಿಗಲಿಲ್ಲ. ಚೀಟಿಗಳನ್ನು ಇದ್ದ ಹಾಗೆಯೇ ಗಂಟು ಕಟ್ಟಿ ಟ್ರಂಕಿಗೆ ಹಾಕಿದೆ.